ಮಸ್ಕಿಯಲ್ಲಿ ಇಳಿದ ಚೀಲ

ಲಿಂಗಸುಗೂರು
೧೫ ಜೂನ್ ೨೦೨೪, ಶನಿವಾರ

ಮೆಹರಬಾನು,

ಚೀಲ ನೋಡಿದ ಕೂಡಲೇ ಎತ್ತಿ ಓಣಿಗೆ ಎಸೆಯಬೇಡ. ಮೊದಲು ಕಾಗದ ಓದು, ಆಮೇಲೆ ಬೇಕಾದರೆ ಎಸೆ. ಬರೆಯುತ್ತಿರುವವಳು ನಾಗವೇಣಿ, ಎರಡು ವರ್ಷ ನಿನ್ನ ಫೋನ್ ಎತ್ತದ ಅದೇ ನಾಗವೇಣಿ. ಕಡೆಗೆ ನೀನೂ ಮಾಡುವುದು ಬಿಟ್ಟೆಯಲ್ಲ, ಹಾಗಾಗಿ ಇಬ್ಬರದೂ ಸರಿಹೋಯಿತು ಅಂದುಕೊಂಡಿದ್ದೇನೆ.

ನಮ್ಮ ದಾನಿ ಕಾಮಾಲೆಯಲ್ಲಿ ತೀರಿಹೋದ ಮೇಲೆ ನಿನ್ನ ಮುಖ ನೋಡುವುದು ನನ್ನಿಂದಾಗಲಿಲ್ಲ. ನಾವಿಬ್ಬರು ಎದುರಾದರೆ ಮೂರನೆಯವಳು ಎಲ್ಲಿ ಅಂತ ಕಣ್ಣು ಹುಡುಕುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು, ನಿನಗೆ ಅಳು ಬರುತ್ತಿತ್ತು. ಯಾರ ಮೇಲೆ ಸಿಟ್ಟು ಅಂತ ಕೇಳಬೇಡ, ನನಗೂ ಗೊತ್ತಿಲ್ಲ.

ಹೋದ ವಾರ ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, "ಟೀಚರ್, ನೀವು ಚಿತ್ರ ಬರೀತೀರೇನ್ರಿ?" ಅಂದಳು. ಡ್ರಾಯಿಂಗ್ ಟೀಚರಿಗೆ ಕೇಳುವ ಪ್ರಶ್ನೆಯೇ ಇದು! ಬೈಯಲು ಹೊರಟೆ, ಆಮೇಲೆ ಲೆಕ್ಕ ಹಾಕಿದೆ. ಎರಡು ವರ್ಷದಲ್ಲಿ ನನಗಾಗಿ ಒಂದು ಗೆರೆ ಎಳೆದಿಲ್ಲ. ಮನೆಗೆ ಬಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆ.

ಕಲಬುರಗಿಯಲ್ಲಿ ಚಿತ್ರಕಲೆ ಕಲಿಯುವಾಗ ಮೂವರೂ ಮಾಡಿಕೊಂಡ ಕರಾರು ನೆನಪಿದೆಯಲ್ಲ? ಏನೇ ಆಗಲಿ, ದಿನಕ್ಕೊಂದು ಅಂಗೈ ಅಗಲದ ಚಿತ್ರ. ಊರಿಗೆ ಬಂದ ಮೇಲೂ ಬಿಡಲಿಲ್ಲ ನಾವು. ಲಿಂಗಸುಗೂರಿನಲ್ಲಿ ನಾನು ಲಗ್ನಪತ್ರಿಕೆಯ ರಟ್ಟಿನ ಮೇಲೆ ಮಣ್ಣು, ಹೊಟ್ಟು, ಹರಕು ಕಾಗದ ಮೆತ್ತಿ ನೆಲ ಹಾಸುವುದು. ಮಸ್ಕಿಯಲ್ಲಿ ದಾನಿ ಅದರ ಮೇಲೆ ಹೊಲಿಯುವುದು. ಸಿಂಧನೂರಿನಲ್ಲಿ ನೀನು ಬಣ್ಣ ಹಾಕಿ ಮುಗಿಸುವುದು. ವಾರಕ್ಕೊಂದು ಚೀಲ, ಬಸ್ಸಿನಲ್ಲಿ.

ಸೋಮವಾರದಿಂದ ಮತ್ತೆ ಶುರು ಮಾಡಿದ್ದೇನೆ. ಮುಂಜಾನೆ ಹಾಲು ಕಾಯಲು ಇಟ್ಟು ಕೂರುತ್ತೇನೆ, ದಿನಾ ಹಾಲು ಉಕ್ಕುತ್ತದೆ. ಈ ವಾರದ ರಟ್ಟುಗಳು ಚೀಲದಲ್ಲಿವೆ. ಹಳೇ ಚೀಲವೇ, ಹಳೇ ಕಂಡಕ್ಟರನೇ.

ಎರಡು ಮಾತು. ಫೋನ್ ಬೇಡ, ಇದರ ಮಾತು ಮೊದಲಿನ ಹಾಗೆ ಚೀಲದಲ್ಲೇ ಇರಲಿ. ನಡುವಿನ ಹೊಲಿಗೆಯ ಕೆಲಸದ ಬಗ್ಗೆ ನಾನೇನೂ ಬರೆಯುವುದಿಲ್ಲ, ನೀನೂ ಬರೆಯಬೇಡ. ಬರೆದರೆ ನಾನು ಮತ್ತೆ ಟ್ರಂಕು ಅಟ್ಟಕ್ಕೆ ಏರಿಸುತ್ತೇನೆ.

ಇನ್ನೂ ನಿನ್ನವಳೇ,
ನಾಗೂ

*

ಸಿಂಧನೂರು
೨೭ ಜೂನ್ ೨೦೨೪

ನಾಗೂ, ಮೊಂಡಿ,

ಚೀಲ ಎಸೆಯಲಿಲ್ಲ. ತಬ್ಬಿಕೊಂಡು ಅತ್ತೆ. ಮೆಹಂದಿ ಹಾಕಿಸಿಕೊಳ್ಳಲು ಬಂದ ಮದುಮಗಳು ಹೆದರಿ, "ಯಾಕ್ರೀ ಅಕ್ಕಾ, ಯಾರರ ತೀರಿಕೊಂಡ್ರೇನು?" ಅಂದಳು. ಇಲ್ಲವ್ವಾ, ಒಬ್ಬಳು ತಿರುಗಿ ಬಂದಳು ಅಂದೆ.

ಚೀಲ ಬಂದದ್ದು ಮಂಗಳವಾರ. ಶನಿವಾರ ಅಲ್ಲಿ ಬಿಟ್ಟದ್ದು ಇಲ್ಲಿಗೆ ಮುಟ್ಟಲು ನಾಲ್ಕು ದಿನ! ನಡೆದು ಬಂದಿದ್ದರೂ ಬೇಗ ಬರುತ್ತಿತ್ತು. ಈ ವಾರದ ಚೀಲಕ್ಕೆ ಕಾದು ನಮ್ಮವರು ಮಿಕ್ಸರ್ ರಿಪೇರಿ ಬಿಟ್ಟು ಬಸ್‌ಸ್ಟ್ಯಾಂಡಿಗೆ ಮೂರು ಸಲ ಹೋಗಿ ಬಂದರು, ಪಾಪ.

ನಡುವಿನ ಕೆಲಸದ ಬಗ್ಗೆ ಬರೆಯಬೇಡ ಅಂದಿದ್ದೀ. ಬರೆಯುವುದಿಲ್ಲ. ಎಲ್ಲ ರಟ್ಟಿನಲ್ಲೂ ಎಡಗಡೆಯ ಅಂಚಿನಲ್ಲಿ ಬೆನ್ನು ತೋರಿಸಿ ನಿಂತ ಆ ಪುಟ್ಟ ಹೆಂಗಸಿನ ಬಗ್ಗೆಯೂ ಬರೆಯುವುದಿಲ್ಲ. ಆದರೆ ಹೊರಟವಳಿಗೆ ಹೋಗಲು ಒಂದು ಜಾಗ ಬೇಕಲ್ಲ? ಅದಕ್ಕೆ ಬಲಗಡೆಯ ಅಂಚಿಗೆ ಒಂದು ನೀಲಿ ಬಾಗಿಲು ಬರೆದಿದ್ದೇನೆ. ಮುಚ್ಚಿದ ಬಾಗಿಲು. ಮುಗಿದವನ್ನು ವಾಪಸು ಕಳಿಸುತ್ತಿದ್ದೇನೆ, ಗೋಡೆಗೆ ಹಚ್ಚಿಕೋ.

ಬಿಡಬೇಡ ನಾಗೂ. ನೀನು ನೆಲ ಹಾಸದಿದ್ದರೆ ನನ್ನ ಬಣ್ಣ ಡಬ್ಬಿಯಲ್ಲೇ ಒಣಗುತ್ತದೆ.

ದುವಾ ಮಾಡುತ್ತಾ,
ನಿನ್ನ ಮೆಹರ್

*

ಲಿಂಗಸುಗೂರು
೧೭ ಆಗಸ್ಟ್ ೨೦೨೪

ಮೆಹರ್,

ದಿನವೂ ಮಾಡುವುದು ಸುಲಭ ಅಂತ ಯಾರಾದರೂ ಅಂದರೆ ಅವರ ಕಿವಿ ಹಿಂಡಬೇಕು. ಈ ವಾರದ ಎರಡು ರಟ್ಟು ದರಿದ್ರವಾಗಿವೆ, ನಾನೇ ಹೇಳಿಬಿಡುತ್ತೇನೆ. ಬುಧವಾರ ಕೈ ಓಡಲಿಲ್ಲ, ಹಳೇ ಟಿಕೇಟು ಹರಿದು ಅಂಟಿಸಿ ಎದ್ದೆ. ಶುಕ್ರವಾರ ಮಾತ್ರ ಚೆನ್ನಾಗಿ ಕೂತಿತು. ನಮ್ಮ ಶಾಲೆಯ ಜವಾನ ಮಾನಪ್ಪ ಸಂತೆಕಲ್ಲೂರಿನ ತನ್ನ ಹೊಲದಿಂದ ಎರೆಮಣ್ಣು ತಂದುಕೊಟ್ಟಿದ್ದ. ಹುಣಸೆಬೀಜದ ಅಂಟಿನಲ್ಲಿ ಕಲಸಿ ಹಚ್ಚಿದರೆ ಒಣಗುವಾಗ ತಾನೇ ಬಿರುಕು ಬಿಡುತ್ತದೆ. ಜೋಳದ ದಂಟಿನ ಬೆಂಡು ಸೀಳಿ ಬದುವಿನ ಹಾಗೆ ಇಟ್ಟಿದ್ದೇನೆ. ಆ ಮಣ್ಣಿನ ವಾಸನೆಗೆ ಮನೆಯೆಲ್ಲ ಹೊಲ ಆಗಿತ್ತು.

ಈಗ ನಾನೇ ಮಾಡಿದ ಕರಾರು ನಾನೇ ಮುರಿಯುತ್ತೇನೆ. ನೀನು ಹೊಲಿದ ಆ ಹೆಂಗಸು. ಮೊದಮೊದಲು ಅಂಚಿನಲ್ಲಿದ್ದವಳು ಈಗ ಅರ್ಧ ರಟ್ಟು ದಾಟಿ ಬಂದಿದ್ದಾಳೆ. ವಾರವಾರ ಒಂದಿಷ್ಟು ಮುಂದೆ. ಗೋಡೆಯ ಮೇಲೆ ಸಾಲಾಗಿ ಹಚ್ಚಿದ್ದೇನಲ್ಲ, ಬಾಗಿಲ ಕಡೆಗೆ ನಡೆಯುತ್ತಿರುವುದು ಎದ್ದು ಕಾಣುತ್ತದೆ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ದಾನಿಯ ಹೊಲಿಗೆಯನ್ನು ಹೀಗೆ ಅಚ್ಚು ಇಳಿಸಿದ ಹಾಗೆ ಎಲ್ಲಿ ಕಲಿತೆ? ಅವಳು ಎಡಗೈಯವಳು, ಅವಳ ಟಾಕು ಎಡಕ್ಕೆ ವಾಲುತ್ತಿತ್ತು. ದಾರವನ್ನೂ ಇಳಕಲ್ ಸೀರೆಯ ಅಂಚಿನಿಂದಲೇ ಬಿಡಿಸಿದ್ದೀ. ನೋಡಿದರೆ ಅವಳೇ ಕೂತು ಹೊಲಿದ ಹಾಗಿದೆ ಮಾರಾಯ್ತಿ. ಸ್ವಲ್ಪ ಬೇರೆ ಥರ ಹೊಲಿ.

ನಿನ್ನ ಸಿಡುಕಿ,
ನಾಗೂ

*

ಸಿಂಧನೂರು
೨೪ ಆಗಸ್ಟ್ ೨೦೨೪

ನಾಗೂ,

ಇದನ್ನು ಅಂಚೆಯಲ್ಲಿ ಹಾಕುತ್ತಿದ್ದೇನೆ, ಚೀಲದಲ್ಲಿ ಹಾಕಲು ಮನಸ್ಸು ಒಪ್ಪಲಿಲ್ಲ.

ನಾನು ಹೊಲಿದಿಲ್ಲ. ಅಲ್ಲಾನ ಆಣೆ, ಒಂದು ಟಾಕೂ ನನ್ನದಲ್ಲ. ಸೂಜಿ ಹಿಡಿದರೆ ಬಟ್ಟೆಗಿಂತ ಹೆಚ್ಚು ಬೆರಳಿಗೇ ಚುಚ್ಚಿಕೊಳ್ಳುವವಳು ನಾನು, ಕಲಬುರಗಿಯಲ್ಲಿ ನೀವಿಬ್ಬರೂ ಎಷ್ಟು ನಕ್ಕಿಲ್ಲ! ಚೀಲ ಬಿಚ್ಚಿದಾಗ ಆ ಹೆಂಗಸು ಅಲ್ಲಿ ಇದ್ದೇ ಇರುತ್ತಾಳೆ. ದಾನಿಯ ನೆನಪಿಗೆ ನೀನೇ ಕಲಿತು ಹೊಲಿಯುತ್ತಿದ್ದೀ, ಕೇಳಿದರೆ ಸಿಟ್ಟಾಗುತ್ತೀ ಅಂತ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ನಿನ್ನ ಕಾಗದ ಓದಿದ ಮೇಲೆ ಒಂದು ರಟ್ಟು ಹಿಡಿದು ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಹೆಂಗಸೊಬ್ಬಳು ಮೀನು ಮಾರುತ್ತಾಳೆ, ಮನೆಯಲ್ಲಿ ಹಳೇ ಸೀರೆಗಳ ಮೇಲೆ ಬಹಳ ನಯವಾಗಿ ಹೊಲಿಯುತ್ತಾಳೆ. ಕೈ ಒರೆಸಿಕೊಂಡು ನೋಡಿದಳು. "ಇದು ನಮ್ದು ಕೆಲ್ಸ ಅಲ್ಲ ಅಕ್ಕಾ. ಕೌದಿ ಹೊಲಿಯೋರ್ದು. ಎಡಗೈ," ಅಂದಳು. ಆಮೇಲೆ ರಟ್ಟನ್ನು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟು ಸರಿಸಿದಳು.

ನನ್ನ ಜೊತೆ ತಮಾಷೆ ಮಾಡುತ್ತಿದ್ದರೆ ಈಗಲೇ ಹೇಳು. ಬೈಯುವುದಿಲ್ಲ.

ಮೆಹರ್

*

ಲಿಂಗಸುಗೂರು
೧ ಸೆಪ್ಟೆಂಬರ್ ೨೦೨೪

ಮೆಹರ್,

ತಮಾಷೆ ಅಲ್ಲ. ಕೂತು ಓದು.

ನಿನ್ನೆ ಚೀಲ ಕೊಡುವಾಗ ಕಂಡಕ್ಟರನನ್ನು ಹಿಡಿದು ನಿಲ್ಲಿಸಿದೆ. ಈ ಚೀಲ ಎಲ್ಲಿ ಇಳಿಸುತ್ತೀಯಪ್ಪಾ ಅಂದೆ. ಅವನು ನನ್ನನ್ನು ಹುಚ್ಚಿಯ ಹಾಗೆ ನೋಡಿದ. "ಮಸ್ಕ್ಯಾಗ್ರೀ ಟೀಚರ್. ನೀವ ಕೆಂಪು ಲಾಡಿ ಕಟ್ಟೀರಲ್ರೀ!"

ನೆನಪಾಯಿತೇ? ನಾವೇ ಮಾಡಿದ ಏರ್ಪಾಡು. ಹಿಡಿಕೆಗೆ ಕೆಂಪು ಲಾಡಿ ಇದ್ದರೆ ಮಸ್ಕಿಯಲ್ಲಿ ಇಳಿಸಬೇಕು, ಬಿಳಿ ಇದ್ದರೆ ನೇರ ಸಿಂಧನೂರು. ಚೀಲ ಟ್ರಂಕಿನಿಂದ ತೆಗೆದಾಗ ಕೆಂಪು ಲಾಡಿಯೇ ಇತ್ತು. ನಾನು ಬಿಚ್ಚಲೇ ಇಲ್ಲ. ಎಷ್ಟು ವರ್ಷ ಅದನ್ನೇ ಕಟ್ಟಿದ ಕೈ ನೋಡು, ಹೊಳೆಯಲೇ ಇಲ್ಲ.

ಅದೇ ಬಸ್ಸು ಹತ್ತಿ ಮಸ್ಕಿಗೆ ಹೋದೆ. ಗುಡ್ಡದ ಕೆಳಗಿನ ಓಣಿಯಲ್ಲಿ ದಾನಿಯ ಮನೆ ಹಾಗೇ ಇದೆ. ಅವಳ ತಾಯಿ ಕಸ್ತೂರೆಮ್ಮ ಕಟ್ಟೆಯ ಮೇಲೆ ಬೇಳೆ ಆರಿಸುತ್ತ ಕೂತಿದ್ದರು. ಕಣ್ಣಿಗೆ ಪೊರೆ ಬಂದಿದೆ, ಬೆರಳಿನಿಂದಲೇ ಕಲ್ಲು ಹುಡುಕುತ್ತಾರೆ. ನನ್ನ ಚಪ್ಪಲಿಯ ಸದ್ದಿಗೇ ಗುರುತು ಹಿಡಿದರು.

"ಬಂದ್ಯಾ ನಾಗವ್ವ? ಬರೇ ಚೀಲ ಕಳಸ್ತಿ, ನೀ ಬರೂದಿಲ್ಲ."

"ಅಮ್ಮಾ, ಚೀಲ ಯಾರು ಇಸ್ಕೊಂತಾರ್ರಿ?"

"ನಾನ ಇಸ್ಕೊಂತೀನಿ. ಬಸ್‌ಸ್ಟ್ಯಾಂಡಿನ ಪಂಪಣ್ಣ ತನ್ನ ಹೋಟೆಲಿನಾಗ ತೆಗೆದಿಟ್ಟಿರ್ತಾನ. ಆಯ್ತವಾರ ಹೋಗಿ ತರ್ತೀನಿ. ಮಂಗಳವಾರ ಸಿಂಧನೂರು ಬಸ್ಸಿಗೆ ಕೊಡ್ತೀನಿ."

"ಮತ್ತ ಹೊಲಿಯೋರು ಯಾರ್ರಿ?"

ನಕ್ಕರು, ಮೆಹರ್. ದಾನಿ ಸತ್ತ ಮೇಲೆ ಮಂಚ ಬಿಟ್ಟು ಏಳದವರು ಬಾಯಿ ತುಂಬ ನಕ್ಕರು. "ಹೊಲಿಯಾಕಿ ಹೊಲೀತಾಳ! ಅಕಿ ಹೊಲಿಗಿ ಮಷೀನಿನ ಮ್ಯಾಲ ಇಡ್ತೀನಿ. ಮಂಗಳವಾರ ಮುಂಜಾಲೆ ನೋಡಿದ್ರ ಆಗಿರ್ತೈತಿ. ಏನಬೇ, ನಿಮಗ ಗೊತ್ತಿಲ್ಲದ ಕಳಸಾಕತ್ತೀರೇನು?"

ಒಳಗೆ ಹೋಗಿ ನೋಡಿದೆ. ಮಷೀನಿನ ಮೇಲೆ ದಾನಿಯ ಇಳಕಲ್ ಸೀರೆ ಮಡಚಿಟ್ಟಿದೆ. ಅದರ ಕೆಂಪು ಅಂಚು ಒಂದು ಕಡೆಯಿಂದ ಎಳೆ ಎಳೆಯಾಗಿ ಸವೆದಿದೆ. ಪರೀಕ್ಷೆ ಮಾಡೋಣ ಅಂತ ಸೂಜಿ ದಾರ ತಂದು ಕಸ್ತೂರೆಮ್ಮನ ಕೈಗೆ ಕೊಟ್ಟೆ, ನನ್ನ ಜಂಪರಿನ ಗುಂಡಿ ಹಾಕಿಕೊಡಿ ಅಮ್ಮಾ ಅಂದೆ. ಆ ಕೈ ಸೂಜಿಯ ಕಣ್ಣನ್ನೇ ಹುಡುಕಿ ಹುಡುಕಿ ಸೋತಿತು. "ನನಗೆಲ್ಲಿ ಕಾಣ್ತೈತವ್ವ, ಅಕಿಗೇ ಹೇಳ್ತೀನಿ ಬಿಡು," ಅಂದರು.

ವಾಪಸು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಪಂಪಣ್ಣನೇ ಚಹಾ ಕೊಟ್ಟು ಕೂರಿಸಿದ. "ಟೀಚರ್, ಅಮ್ಮ ಬದುಕ್ಯಾಳಂದ್ರ ಆ ಚೀಲದಿಂದ್ರಿ. ಜೂನ್ ತಿಂಗಳಿಂದ ಊಟ ಮಾಡಾಕತ್ತಾಳ, ಅಡ್ಡಾಡಾಕತ್ತಾಳ," ಅಂದ.

ನಾನು ಹೆದರಿದ್ದೇನೆ. ಆದರೆ ಇವತ್ತು ಮುಂಜಾನೆಯೂ ಎದ್ದು ನೆಲ ಹಾಸಿದೆ. ಯಾಕೆ ಅಂತ ಕೇಳಬೇಡ. ಚೀಲಕ್ಕೆ ಕೆಂಪು ಲಾಡಿಯೇ ಇರಲಿ ಅನ್ನಿಸುತ್ತಿದೆ.

ನಾಗೂ

*

ಸಿಂಧನೂರು
೨೮ ಸೆಪ್ಟೆಂಬರ್ ೨೦೨೪

ನಾಗೂ,

ನಾಲ್ಕು ವಾರ ಸುಮ್ಮನಿದ್ದೆ. ದಾನಿ ನಮ್ಮ ದಾನಿಯೇ, ಹೆದರುವುದೇನಿದೆ ಅಂತ ಮನಸ್ಸಿಗೆ ಹೇಳಿಕೊಂಡೆ. ಬಣ್ಣ ಹಾಕುವ ಮುಂಚೆ "ಸಲಾಂ ಕಣೇ" ಅನ್ನುತ್ತಿದ್ದೆ ಕೂಡ. ಈಗ ಆಗುವುದಿಲ್ಲ.

ಹೋದ ವಾರದ ರಟ್ಟುಗಳಲ್ಲಿ ಅವಳು ಬಾಗಿಲ ತನಕ ಹೋದವಳು ಹಿಂದಿರುಗಿ ಬಂದಿದ್ದಾಳೆ. ಈ ವಾರದವುಗಳಲ್ಲಿ ಅವಳ ಜೊತೆ ಇನ್ನೊಬ್ಬರಿದ್ದಾರೆ. ಬಾಗಿದ ಬೆನ್ನು, ತಲೆಯ ಮೇಲೆ ಸೆರಗು, ಹಣೆಯ ಜಾಗದಲ್ಲಿ ಬಿಳಿ ದಾರದ ಮೂರು ಗೆರೆ ವಿಭೂತಿ. ಇಬ್ಬರೂ ಕೈ ಹಿಡಿದುಕೊಂಡಿದ್ದಾರೆ. ಕೊನೆಯ ರಟ್ಟಿನಲ್ಲಿ ಬಲಗಡೆಯ ಅಂಚಿಗೆ ಬಂದು ನಿಂತಿದ್ದಾರೆ, ಅವಳ ಕೈ ಬಾಗಿಲು ಬಡಿಯುವ ಹಾಗೆ ಎತ್ತಿದೆ. ಆ ರಟ್ಟಿನಲ್ಲಿ ನಾನು ಇನ್ನೂ ಬಾಗಿಲು ಬರೆದೇ ಇಲ್ಲ ನಾಗೂ. ಎಲ್ಲಿ ಬರೆಯುತ್ತೇನೋ ಸರಿಯಾಗಿ ಅಲ್ಲಿಗೇ ಎತ್ತಿದೆ.

ತನ್ನ ಅಮ್ಮನನ್ನು ಕರೆದುಕೊಂಡು ಹೋಗಲು ಬಂದಿದ್ದಾಳೆ. ಬಾಗಿಲು ಬರೆದವಳು ನಾನು. ನಡೆಯಲು ನೆಲ ಹಾಸಿದವಳು ನೀನು. ಚೆಂದಕ್ಕೆ ಅಂತ ಬರೆದೆ, ಬಣ್ಣ ಉಳಿದಿತ್ತು ಅಂತ ಬರೆದೆ!

ಆ ರಟ್ಟಿಗೆ ನಾನು ಕುಂಚ ಮುಟ್ಟಿಸಿಲ್ಲ. ಅಮ್ಮನನ್ನು ನಾನು ಇಲ್ಲಿಗೆ ತರುತ್ತೇನೆ. ಕಣ್ಣು ತೋರಿಸೋಣ ಅಂತ ಹೇಳಿ ಕರೆಯೋಣ, ಸುಳ್ಳೂ ಅಲ್ಲವಲ್ಲ. ನೀನು ಲಾಡಿ ಬದಲಾಯಿಸು. ಇದೊಂದು ಸಲ ನನ್ನ ಮಾತು ಕೇಳು.

ಮೆಹರ್

*

ಲಿಂಗಸುಗೂರು
೫ ಅಕ್ಟೋಬರ್ ೨೦೨೪

ಮೆಹರ್,

ಕೇಳಿದೆ. ಬಿಳಿ ಲಾಡಿ ಕಟ್ಟಿದ್ದೇನೆ. ಕೆಂಪನ್ನು ಬಿಚ್ಚುವಾಗ ಯಾರದೋ ಕೈ ಬಿಡಿಸಿದ ಹಾಗಾಯಿತು.

ದಸರೆಯ ರಜೆಯಲ್ಲಿ ಬಂದು ಕಸ್ತೂರೆಮ್ಮನನ್ನು ನಾನೇ ಬಸ್ಸು ಹತ್ತಿಸುತ್ತೇನೆ. ನಾನು ಕರೆದರೆ ಇಲ್ಲ ಅನ್ನುವುದಿಲ್ಲ. ದಿನದ ಕೆಲಸ ಮಾತ್ರ ಬಿಡುವುದಿಲ್ಲ, ಅದನ್ನು ಕೇಳಬೇಡ. ಬಿಟ್ಟರೆ ಮತ್ತೆ ಎರಡು ವರ್ಷ ಮಣ್ಣಾಗುತ್ತೇನೆ.

ನಾಗೂ

*

ಸಿಂಧನೂರು
೯ ನವೆಂಬರ್ ೨೦೨೪

ನಾಗೂ,

ಕಣ್ಣಿನ ಡಾಕ್ಟರು ಶುಗರ್ ಇಳಿಯುವ ತನಕ ಆಪರೇಷನ್ ಬೇಡ ಅಂದಿದ್ದಾರೆ. ಅಮ್ಮನಿಗೆ ಮೇಲಿನ ಕೋಣೆ ಕೊಟ್ಟಿದ್ದೇನೆ. ಲಿಂಗಪೂಜೆ ಮಾಡಿಕೊಳ್ಳುತ್ತಾರೆ. ನಮ್ಮ ಮನೆಯ ಅಡುಗೆ ಆಗಲಿಕ್ಕಿಲ್ಲ ಅಂತ ಪಕ್ಕದ ಆದೆಮ್ಮನ ಮನೆಯಿಂದ ರೊಟ್ಟಿ ತರಿಸುತ್ತಿದ್ದೆ. ಮೂರನೆಯ ದಿನ ನನ್ನನ್ನು ಕರೆದು, "ನೀನ ಬಡಿಯವ್ವ ರೊಟ್ಟಿ. ದಾನಿ ತಾಟಿನಾಗ ಉಂಡಾಕಿ ನೀನು, ನಿನ್ನ ಮನ್ಯಾಗ ನನಗೆಂಥಾ ಮಡಿ?" ಅಂದರು. ಅವತ್ತು ನಾನು ಗೆದ್ದೆ ಅಂದುಕೊಂಡೆ.

ಮುಂದಿನ ಶನಿವಾರ ಸಂಜೆಗೇ ನಿನ್ನ ಚೀಲ ಬಂತು. ಬಿಳಿ ಲಾಡಿಯ ಚೀಲ, ಬರೀ ನೆಲ. ಅಮ್ಮ ಚೀಲದ ಸದ್ದಿಗೆ ಕೆಳಗಿಳಿದು ಬಂದರು. ಒಂದೊಂದೇ ರಟ್ಟನ್ನು ತೊಡೆಯ ಮೇಲಿಟ್ಟು ಬೆರಳಾಡಿಸಿದರು. ಮಣ್ಣು, ಹೊಟ್ಟು, ದಂಟು. ಹೊಲಿಗೆ ಎಲ್ಲೂ ಸಿಗಲಿಲ್ಲ. ಮತ್ತೆ ಮೊದಲಿನಿಂದ ಆಡಿಸಿದರು. ನಾನು ಅಡುಗೆಮನೆಗೆ ಓಡಿ ಹೋಗಿ ನಿಂತೆ, ನೋಡಲಾಗಲಿಲ್ಲ.

ಅವತ್ತಿನಿಂದ ಊಟ ತಾಟಿನಲ್ಲೇ ಉಳಿಯುತ್ತಿದೆ. ಜಗಳ ಇಲ್ಲ, ಅಳು ಇಲ್ಲ. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಮಸ್ಕಿಯ ರಸ್ತೆಯ ಕಡೆಗೆ ಮುಖ ಮಾಡಿ ಕೂರುತ್ತಾರೆ. ನಿನ್ನೆ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಕೇಳಿದರು, "ಆ ನೀಲಿ ಬಾಗಲಾ ಬರದಾಕಿ ನೀನ ಏನವ್ವ?"

ನಾನು ಬಣ್ಣ ಹಾಕುವುದು ಮಸ್ಕಿ ದಾಟಿದ ಮೇಲೆ. ಅವರು ಬಾಗಿಲನ್ನು ಯಾವತ್ತೂ ನೋಡಿಲ್ಲ, ಬಣ್ಣ ಬೆರಳಿಗೂ ಸಿಗುವುದಿಲ್ಲ. ಯಾರು ಹೇಳಿದರಮ್ಮಾ ಅಂದೆ.

"ಅಕಿನ ಹೇಳ್ಯಾಳ. ಚೆಂದ ಐತಂತ." ನನ್ನ ಮೊಣಕೈ ಹಿಡಿದುಕೊಂಡರು. "ನನ್ನ ಉಳಸಬೇಕಂತ ಇಲ್ಲಿ ತಂದೀರಿ. ಗೊತ್ತೈತಿ ನನಗ, ತಪ್ಪಂತ ಅನ್ನೂದಿಲ್ಲ. ಆದ್ರ ಅಕಿ ಬಂದು ಕೀಲಿ ಹಾಕಿದ ಮನಿ ಮುಂದ ನಿಂತಿರ್ತಾಳಲ್ಲವ್ವ. ಎಷ್ಟೊತ್ತು ನಿಂದ್ರಬೇಕು ನನ್ನ ಮಗಳು?"

ನಾನೇನು ಹೇಳಲಿ ನಾಗೂ? ನೀನಾಗಿದ್ದರೆ ಏನು ಹೇಳುತ್ತಿದ್ದೆ? ಮಸ್ಕಿಗೆ ವಾಪಸು ಬಿಟ್ಟುಬರಲೇ?

ನಿನ್ನ,
ಮೆಹರ್

*

ಲಿಂಗಸುಗೂರು
೧೬ ನವೆಂಬರ್ ೨೦೨೪

ಮೆಹರ್,

ಬೇಡ. ಬಿಟ್ಟುಬರಬೇಡ.

ದಾನಿ ಆಸ್ಪತ್ರೆಯಲ್ಲಿ ಹಳದಿಯಾಗಿ ಮಲಗಿದ್ದಾಗ ನಾವಿಬ್ಬರೂ ಕೈಕಟ್ಟಿ ನಿಂತಿದ್ದೆವು. ಏನೂ ಮಾಡಲಾಗಲಿಲ್ಲ. ಈಗ ಮಾಡಲು ಏನೋ ಒಂದು ಇದೆ. ಅಮ್ಮ ಬೈಯಲಿ, ಉಪವಾಸ ಕೂರಲಿ, ನಮ್ಮ ಕಣ್ಣೆದುರಿಗೆ ಉಸಿರಾಡುತ್ತ ಇರಲಿ. ನೀನು ಅತ್ತು ಕರಗಬೇಡ. ನಿನ್ನ ಕರುಣೆಗೆ ಬೆಂಕಿ ಬೀಳಲಿ.

ನಾಗೂ

*

ಸಿಂಧನೂರು
೨೪ ನವೆಂಬರ್ ೨೦೨೪

ನಾಗೂ,

ಬಿಟ್ಟುಬಂದೆ. ಬೈ, ಎಷ್ಟು ಬೇಕಾದರೂ ಬೈ.

ಗುರುವಾರ ಅಮ್ಮ ನೀರು ಕುಡಿಯುವುದನ್ನೂ ನಿಲ್ಲಿಸಿದರು. ಇಲ್ಲಿ ಕಟ್ಟಿ ಹಾಕಿ ಉಳಿಸಿದರೂ ಉಳಿಯುವುದಿಲ್ಲ ಅಂತ ನನಗೆ ಗೊತ್ತಾಯಿತು. ಶುಕ್ರವಾರ ಬಸ್ಸು ಹತ್ತಿಸಿದೆ. ಮಸ್ಕಿ ಹತ್ತಿರ ಬರುತ್ತಿದ್ದಂತೆ ಬೆನ್ನು ನೆಟ್ಟಗಾಯಿತು, ಸೆರಗು ಸರಿಮಾಡಿಕೊಂಡರು. ಪಂಪಣ್ಣ ಗಂಟು ಹೊತ್ತು ಬಂದ. ಕೀಲಿ ತೆಗೆದು ಒಳಗೆ ಕಾಲಿಟ್ಟವರೇ, "ಬಂದೆನವ್ವಾ," ಅಂದರು. ನನಗಲ್ಲ.

ಒಂದು ತಿಂಗಳಿಂದ ಮುಚ್ಚಿದ್ದ ಮನೆ. ಮಂಚದ ಮೇಲೆ, ಪಾತ್ರೆಗಳ 
ಮೇಲೆ, ಮಷೀನಿನ ಗಾಲಿಯ ಮೇಲೆ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು. ಮಷೀನಿನ ಮುಂದಿನ ಸ್ಟೂಲಿನ ಮೇಲೆ ಮಾತ್ರ ಇರಲಿಲ್ಲ. ಪಂಪಣ್ಣನೂ ನೋಡಿದ. ಅವನು ಗಂಟು ಇಟ್ಟು ಬೇಗ ಹೊರಗೆ ಹೋದ.

ನಾನು ಅಮ್ಮನ ಕಾಲ ಬಳಿ ಕೂತೆ. ಧೈರ್ಯ ಮಾಡಿ ಕೇಳಿದೆ, ನೀವು ಆಕೆಯ ಜೊತೆ ಹೋಗಿಬಿಡುತ್ತೀರಾ ಅಮ್ಮಾ, ನಾನು ಬಾಗಿಲು ಬರೆಯದಿದ್ದರೆ ಏನಾಗುತ್ತದೆ ಅಂತ.

ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಬರೀಬ್ಯಾಡ, ಈಗ ಬ್ಯಾಡ. ಅಕಿ ಸಣ್ಣಾಕಿದ್ದಾಗ ಹೊಲ ಮನಿ ಅಂತ ಅಕಿನ್ನ ಎಲ್ಲೂ ಕರಕೊಂಡು ಹೋಗ್ಲಿಲ್ಲ ನಾನು. ಅಕಿ ನನ್ನ ಸೆರಗ ಹಿಡಕೊಂಡು ಬರ್ತೀನಿ ಬರ್ತೀನಿ ಅಂತಿದ್ಲು, ಬಿಡಿಸಿ ಹೋಗ್ತಿದ್ದೆ. ಈಗ ಅಕಿನ ನನ್ನ ಕೈ ಹಿಡದಾಳ. ಇನ್ನೊಂದೀಟು ಅಡ್ಡಾಡ್ತೀವಿ. ನಾಗವ್ವಗ ಹೇಳು, ನೆಲಾ ಹಾಸಾಕ."

ಅಷ್ಟೇ ನಾಗೂ. ನಾನು ನೀಲಿ ಬಣ್ಣದ ಡಬ್ಬಿಯನ್ನೇ ಬಾವಿಗೆ ಹಾಕಿದ್ದೇನೆ. ಇನ್ನು ಮುಂದಿನದು ನಿನ್ನ ಕೈಯಲ್ಲಿದೆ.

ಕ್ಷಮಿಸಿದರೆ ನಿನ್ನವಳು,
ಮೆಹರ್

*

ಲಿಂಗಸುಗೂರು
೨೫ ಜನವರಿ ೨೦೨೫

ಮೆಹರ್,

ಎರಡು ತಿಂಗಳು ನಿನಗೆ ಬರೆಯಲಿಲ್ಲ. ಸಿಟ್ಟಿತ್ತು. ಚೀಲ ಮಾತ್ರ ತಪ್ಪಿಸಲಿಲ್ಲ, ಅದಕ್ಕೆ ಕೆಂಪು ಲಾಡಿಯೇ ಕಟ್ಟಿದೆ, ನೋಡಿದ್ದೀಯಲ್ಲ. ಸಿಟ್ಟು ಇಳಿದದ್ದು ಹೇಗೆ ಅಂತ ಹೇಳುತ್ತೇನೆ.

ಸಂಕ್ರಮಣ ಮಂಗಳವಾರ ಬಂದಿತ್ತು. ಮನೆಯವರೆಲ್ಲ ಕೃಷ್ಣೆಯ ಸ್ನಾನಕ್ಕೆ ಹೊರಟರು, ಎಳ್ಳು ಹಚ್ಚಿಕೊಂಡು ನಾನೂ ಹೊರಟೆ. ಅವತ್ತಿನ ರಟ್ಟು ಮಾಡಲಿಲ್ಲ. ಒಂದು ದಿನ ಬಿಟ್ಟರೆ ಏನು ಮುಳುಗಿ ಹೋಗುತ್ತದೆ ಅಂದುಕೊಂಡೆ. ಬುಧವಾರ ಎದ್ದು ಮತ್ತೆ ಕೂತೆ.

ಶನಿವಾರ ಚೀಲವನ್ನು ಕಂಡಕ್ಟರಿಗೆ ಕೊಡದೆ ನಾನೇ ಹಿಡಿದುಕೊಂಡು ಮಸ್ಕಿಗೆ ಹೋದೆ. ಪಂಪಣ್ಣ ದೂರದಿಂದಲೇ ಎದ್ದು ಬಂದ. "ಟೀಚರ್, ಹಬ್ಬದ ದಿನ ಅಮ್ಮ ನೆಲಕ್ಕ ಬಿದ್ದಾಳ್ರಿ. ಮುಂಜಾಲಿಂದ ಸಂಜೀತನ ಮಾತಿಲ್ಲ, ಕತಿಯಿಲ್ಲ. ನಾವು ಆತು ಅಂದ್ವಿ. ಬುಧವಾರ ಮುಂಜಾಲೆ ತಾನ ಎದ್ದು ಚಾ ಕೇಳಿದಳು," ಅಂದ.

ಓಡಿ ಹೋದೆ. ಕಟ್ಟೆಯ ಮೇಲೆ ಕೂತಿದ್ದರು, ಸೊರಗಿದ್ದರು. ಪಾದ ಮುಟ್ಟಿ ನೋಡಿದೆ, ಅಂಗಾಲಿನಲ್ಲಿ ಬೊಬ್ಬೆ. ಬಸ್‌ಸ್ಟ್ಯಾಂಡಿನಿಂದ ಆಚೆಗೆ ಹೋಗದವರ ಕಾಲಿನಲ್ಲಿ ಬೊಬ್ಬೆ ಎಲ್ಲಿಂದ ಬರಬೇಕು? ಚೀಲದಲ್ಲಿ ಏನಿದೆ ಏನಿಲ್ಲ ಅಂತ ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

"ಸಂಕ್ರಮಣದ ದಿನ ದಾರೀನ ಇರಲಿಲ್ಲ ನಾಗವ್ವ," ಅಂದರು, ಬೇಸರವಿಲ್ಲದ ದನಿಯಲ್ಲಿ. "ಹೆಂಗ ಹೋಗಬೇಕಂತ ತಿಳೀಲಿಲ್ಲ, ಹಂಗ ನಿಂತಬಿಟ್ವಿ. ಬಿಸಲು ಭಾಳ ಇತ್ತು. ಅಕಿ ತನ್ನ ಸೆರಗು ಹಾಸಿ ನನ್ನ ಅದರ ಮ್ಯಾಲ ನಿಂದ್ರಿಸಿದ್ಲು. ಪಾಪ, ಅಕಿ ಕಾಲು ನನಗಿಂತ ಹೆಚ್ಚು ಸುಟ್ಟಾವ."

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತೆ ಮೆಹರ್. ಯಾರ ಮುಂದೆಯೂ ಅಳದವಳು ಎರಡೂವರೆ ವರ್ಷದ್ದನ್ನೆಲ್ಲ ಅತ್ತೆ. ದಾನಿಯ ಮೇಲೂ ಸಿಟ್ಟು ಬಂತು, ನಮ್ಮನ್ನು ಬಿಟ್ಟು ಹೋದಳಲ್ಲ ಅಂತ. ನೀನು ಬಿಟ್ಟುಬಂದದ್ದು ಸರಿ. ಇದನ್ನು ಒಂದೇ ಸಲ ಬರೆಯುತ್ತೇನೆ, ಮತ್ತೆ ಕೇಳಬೇಡ.

ಈಗ ನಮ್ಮ ಕೆಲಸ ಏನು ಅಂತ ಗೊತ್ತಾಗಿದೆ. ನೀನು ಮರ ಬರೆ, ನೆರಳು ಬರೆ, ನೀರಿನ ಅರವಟ್ಟಿಗೆ ಬರೆ, ಕೂರಲು ಕಟ್ಟೆ ಬರೆ. ಬಾಗಿಲು ಮಾತ್ರ ಬರೆಯಬೇಡ. ನಾನು ಎರೆಮಣ್ಣು ಬಿಟ್ಟಿದ್ದೇನೆ, ಅದು ಬಿಸಿಲಿಗೆ ಕಾಯುತ್ತದೆ. ಜವಳಗೇರಾದ ಗದ್ದೆಯ ತಂಪು ಮಣ್ಣನ್ನು ನಿಮ್ಮವರ ಕೈಲಿ ಕಳಿಸಿಕೊಡು, ಮೇಲೆ ಹತ್ತಿಯನ್ನು ತೆಳ್ಳಗೆ ಹರಡುತ್ತೇನೆ. ಇಬ್ಬರು ಜೊತೆಯಾಗಿ ನಡೆಯಲು ಆಗುವಷ್ಟು ಅಗಲ ಹಾಸುತ್ತಿದ್ದೇನೆ.

ಹಬ್ಬ, ಪರೀಕ್ಷೆ, ಮದುವೆ, ಬೇಸರ, ಯಾವುದೂ ಇನ್ನು ನನಗಿಲ್ಲ. ಚೆನ್ನಾಗಿ ಬರಲಿ ಬಿಡಲಿ, ಮುಂಜಾನೆ ಒಂದು ತುಂಡು ದಾರಿ ಆಗಲೇಬೇಕು. ಇಷ್ಟು ದಿನ ನನ್ನ ಮನಸ್ಸಿಗಾಗಿ ಮಾಡುತ್ತಿದ್ದೆ. ಈಗ ಅಲ್ಲಿ ಬರಿಗಾಲಲ್ಲಿ ಇಬ್ಬರಿದ್ದಾರೆ.

ಇವತ್ತು ಜ್ವರ ಬಂದಿದೆ, ಅಕ್ಷರ ಸೊಟ್ಟ ಇದ್ದರೆ ನಗಬೇಡ. ಇವತ್ತಿನದು ಹಾಸಿ ಆಯಿತು. ನಾಳೆಯದಕ್ಕೆ ಮಣ್ಣು ನೆನೆಹಾಕಿದ್ದೇನೆ.

ನಿನ್ನ ನಾಗೂ